ಪಾರ್ಟು ಬಂದಿಲ್ಲ, ವಿಮಾನ ಏಳೋದಿಲ್ಲ!

2023ರ ಮೇ 30, ಮಂಗಳವಾರ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಎದ್ದ ಪುಟ್ಟ ತರಬೇತಿ ವಿಮಾನವೊಂದು ನಿಲ್ದಾಣಕ್ಕೆ ವಾಪಸ್ಸು ಬರಲಿಲ್ಲ. ಹೊನ್ನಿಹಾಳ ಗ್ರಾಮದ ಬಳಿ ಹೊಲದಲ್ಲಿ ಇಳಿಯಿತು. ಊರ ಜನ ಓಡಿ ಬಂದು ನೋಡಿದರೆ ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದೊಂದಿಗೆ ಪಾರಾಗಿದ್ದರು. ತಾಂತ್ರಿಕ ದೋಷ ಅಂತ ಸುದ್ದಿಯಾಯಿತು. ನಾಲ್ಕು ದಿನ ಚಹಾದಂಗಡಿಯಲ್ಲಿ ಮಾತಾಯಿತು, ಆಮೇಲೆ ಎಲ್ಲರೂ ಮರೆತರು.

ಬಸ್ಸು ಕೆಟ್ಟರೆ ಜನ ಇಳಿದು ಬೇರೆ ಬಸ್ಸು ಹತ್ತುತ್ತಾರೆ. "ಏನಣ್ಣಾ, ಯಾವಾಗ ಹೊರಡ್ತದೆ?" ಅಂತ ಕೇಳಿದರೆ "ಡಿಪೋದಿಂದ ಪಾರ್ಟು ಬರಬೇಕು ಸಾರ್" ಅಂತ ಡ್ರೈವರು ಬೀಡಿ ಹಚ್ಚುತ್ತಾನೆ. ಆಕಾಶದಲ್ಲಿ ಹಾಗೆ ಪಕ್ಕಕ್ಕೆ ಹಾಕಿ ನಿಲ್ಲಿಸೋಕೆ ಜಾಗವಿಲ್ಲ. ಅದಕ್ಕೇ ಪುಟ್ಟ ವಿಮಾನದ ಎಂಜಿನ್ನಿಗೆ ಬೇರೆಯದೇ ಕಾನೂನು. ಆ ಕಾನೂನನ್ನು ಪಾಲಿಸೋಕೆ ಬೇಕಾದ ಬಿಡಿಭಾಗ ಮಾತ್ರ ಏಳು ಸಮುದ್ರದಾಚೆಯಿಂದ ಬರಬೇಕು. ತೊಂದರೆ ಇರುವುದೇ ಇಲ್ಲಿ.

ಎಲ್ಲವೂ ಎರಡೆರಡು

ನಾಲ್ಕು ಸಿಲಿಂಡರಿನ ಈ ಎಂಜಿನ್ನು ನೋಡಲು ಬಹಳ ಹಳೇ ಕಾಲದ್ದು. ಎಡಕ್ಕೆರಡು, ಬಲಕ್ಕೆರಡು ಸಿಲಿಂಡರು ಮಲಗಿಕೊಂಡಿರುತ್ತವೆ. ತಂಪು ಮಾಡಲು ನೀರಿಲ್ಲ, ಎದುರಿನಿಂದ ಬೀಸುವ ಗಾಳಿಯೇ ಸಾಕು. ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ಗು. ಕಿಡಿ ಕೊಡುವ ಮ್ಯಾಗ್ನೆಟೊ ಕೂಡ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಓಡಿಸಬೇಕು. ಬ್ಯಾಟರಿ ಸತ್ತರೂ ಮ್ಯಾಗ್ನೆಟೊ ತನ್ನ ಪಾಡಿಗೆ ಕಿಡಿ ಕೊಡುತ್ತಲೇ ಇರುತ್ತದೆ. ಏಳುವ ಮುನ್ನ ಪೈಲಟ್ಟು ಒಂದೊಂದೇ ಮ್ಯಾಗ್ನೆಟೊ ಆರಿಸಿ, ಎಂಜಿನ್ನು ಸುತ್ತುವ ವೇಗ ಎಷ್ಟು ಇಳಿಯಿತು ಅಂತ ನೋಡಿಯೇ ಮುಂದಕ್ಕೆ ಹೋಗಬೇಕು.

ಸುಮಾರು 50 ಗಂಟೆ ಹಾರಾಟಕ್ಕೊಮ್ಮೆ ಆಯಿಲ್ ಬದಲು. ಹಳೇ ಫಿಲ್ಟರನ್ನು ಎಸೆಯುವುದಿಲ್ಲ, ಕತ್ತರಿಸಿ ಬಿಡಿಸಿ ನೋಡುತ್ತಾರೆ. ಲೋಹದ ಪುಡಿ ಮಿಂಚಿದರೆ ಒಳಗೆ ಏನೋ ಸವೆಯುತ್ತಿದೆ ಎಂದರ್ಥ. 100 ಗಂಟೆಗೆ ದೊಡ್ಡ ತಪಾಸಣೆ. ಚಾಲ್ತಿಯಲ್ಲಿರುವ ಅನೇಕ ಎಂಜಿನ್ನುಗಳನ್ನು 2000 ಗಂಟೆಗೆ ಪೂರ್ತಿ ಬಿಚ್ಚಿ ಕಟ್ಟಬೇಕು ಎಂಬುದು ತಯಾರಕರ ಲೆಕ್ಕ. ಗಂಟೆಗೆ 180 ಕಿ.ಮೀ. ವೇಗ ಹಿಡಿದರೆ ಅದು ಮೂರು ಲಕ್ಷದ ಅರವತ್ತು ಸಾವಿರ ಕಿ.ಮೀ. ಆಯಿತು. ಇಷ್ಟು ಓಡಿದ ಮೇಲೂ ರಸ್ತೆ ಪಕ್ಕ ಬಾನೆಟ್ ಎತ್ತಿ ನಿಲ್ಲುವ ಹಾಗಿಲ್ಲ.

ಇನ್ನು ಪಾರ್ಟು. ಲಾರಿಗೆ ಬೇಕಾದ್ದು ಒರಿಜಿನಲ್ ಸಿಗದಿದ್ದರೆ ಡೂಪ್ಲಿಕೇಟು, ಅದೂ ಇಲ್ಲದಿದ್ದರೆ ಲೇತಿನವನ ಹತ್ತಿರ ಮಾಡಿಸಿ ಹಾಕಿದ್ದು! ವಿಮಾನದಲ್ಲಿ ಇದು ನಡೆಯೋದಿಲ್ಲ. ಪ್ರತಿ ಭಾಗಕ್ಕೂ ಅದು ಎಲ್ಲಿ ಹುಟ್ಟಿತು, ಯಾರು ಪರೀಕ್ಷಿಸಿದರು ಎಂಬ ಕಾಗದ ಇರಬೇಕು. ಕಾಗದ ಇಲ್ಲದ ಬಿಡಿಭಾಗ ಹೊಳೆಯುತ್ತಿದ್ದರೂ ಗುಜರಿಗೇ ಸಮ. ಆದರೂ ಕಳ್ಳರಿಗೆ ದಾರಿ ಇಲ್ಲದೆ ಇಲ್ಲ. ದೊಡ್ಡ ಜೆಟ್ ಎಂಜಿನ್ನುಗಳಿಗೇ ಸುಳ್ಳು ಕಾಗದದ ಬಿಡಿಭಾಗಗಳು ಸೇರಿದ್ದು 2023ರಲ್ಲಿ ಬೆಳಕಿಗೆ ಬಂದು ಲೋಕದ ಹಲವು ವಿಮಾನ ಕಂಪನಿಗಳು ತಮ್ಮ ಎಂಜಿನ್ನು ಬಿಚ್ಚಿ ಹುಡುಕಬೇಕಾಯಿತು.

ಮೈ ಬೆಂಗಳೂರಿನದು, ಎದೆ ಹೊರದೇಶದ್ದು

ಈ ಕಥೆಗೂ ಕರ್ನಾಟಕಕ್ಕೂ ಹಳೇ ನಂಟು. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಡಾ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಭಾರತದಲ್ಲೇ ವಿನ್ಯಾಸವಾದ ವಿಮಾನ ಅಂತ ಎಲ್ಲರಿಗೂ ಹೆಮ್ಮೆ. ಆದರೆ ಮೂತಿಯೊಳಗೆ ಕೂತಿದ್ದ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ನು ಇಂಗ್ಲೆಂಡಿನದು. 1958ರ ಸೆಪ್ಟೆಂಬರ್ 28ರಂದು ಹಾರಿದ ಎರಡು ಸೀಟಿನ ಪುಷ್ಪಕ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಕಣ್ಮಣಿಯಾಯಿತು. ಅದರ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನು ಅಮೆರಿಕಾದ್ದು. ಅಷ್ಟೇ ಶಕ್ತಿಯ ಎಂಜಿನ್ನೊಂದನ್ನು ಎಚ್.ಎ.ಎಲ್. ತಾನೇ ಮಾಡಿ ನೋಡಿದ್ದೂ ಉಂಟು. ಆದರೆ ಅದು ವಿದೇಶಿ ಎಂಜಿನ್ನಿನ ಜಾಗ ಹಿಡಿಯಲಿಲ್ಲ.

ಬೆಂಗಳೂರಿನ ಎನ್.ಎ.ಎಲ್. ರೂಪಿಸಿದ ಹಂಸ ವಿಮಾನದ್ದೂ ಇದೇ ಹಾಡು. 1993ರ ನವೆಂಬರಿನಲ್ಲಿ ಮೊದಲು ಹಾರಿದ ಹಂಸಕ್ಕೆ ಮುಂದೆ ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್ನು ಬಂತು. 2021ರ ಸೆಪ್ಟೆಂಬರ್ 3ರಂದು ಹಾರಿದ ಹೊಸ ಹಂಸಕ್ಕೂ ರೋಟಾಕ್ಸೇ. ಎಂಜಿನ್ನು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಕೇಳಬೇಕಾದ್ದು ಬೇರೆ: ಅದಕ್ಕೊಂದು ಪಂಪು, ಒಂದು ಗ್ಯಾಸ್ಕೆಟ್ಟು ಬೇಕಾದರೆ ಎಷ್ಟು ದಿನ ಕಾಯಬೇಕು?

ದೀಪಕ್ ಆರಿದ ಕಥೆ

ಎಂಜಿನ್ನಿನ ನಂಬಿಕೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಚ್.ಪಿ.ಟಿ.-32 'ದೀಪಕ್' ವಿಮಾನಕ್ಕಿಂತ ದೊಡ್ಡ ಸಾಕ್ಷಿ ಬೇಡ. 1977ರ ಜನವರಿ 6ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ಅಮೆರಿಕಾದ ಲೈಕಮಿಂಗ್ ಕಂಪನಿಯ ಆರು ಸಿಲಿಂಡರಿನ, 260 ಅಶ್ವಶಕ್ತಿಯ ಎಂಜಿನ್ನು. 1980ರ ದಶಕದಿಂದ ವಾಯುಪಡೆಗೆ ಸೇರಿದ ಹುಡುಗರು ಮೊದಲ ಹಾರಾಟ ಕಲಿತಿದ್ದು ಇದರಲ್ಲೇ.

ಆದರೆ ಹಾರುತ್ತಿರುವಾಗಲೇ ಎಂಜಿನ್ನು ನಿಂತುಹೋಗುವ ಕಾಯಿಲೆ ದೀಪಕ್‌ಗೆ ಅಂಟಿಕೊಂಡಿತು. ಎಂಜಿನ್ನು ನಿಂತ ಮೇಲೆ ತೇಲಿಕೊಂಡು ದೂರ ಹೋಗುವ ಗುಣವೂ ಅದಕ್ಕೆ ಕಡಿಮೆ. ಇಡೀ ವಿಮಾನಕ್ಕೇ ಒಂದು ಪ್ಯಾರಾಶೂಟು ಕಟ್ಟೋಣ ಎಂಬ ಯೋಚನೆಯವರೆಗೂ ಮಾತು ಹೋಯಿತು. 2009ರ ಜುಲೈ 31ರಂದು ಆಗಿನ ಆಂಧ್ರದ ಮೇದಕ್ ಜಿಲ್ಲೆಯಲ್ಲಿ ಒಂದು ದೀಪಕ್ ಬಿದ್ದು ಇಬ್ಬರು ಪೈಲಟ್ಟುಗಳು ಸತ್ತರು. ಅಲ್ಲಿಗೆ ಇಡೀ ದಂಡನ್ನೇ ನೆಲಕ್ಕಿಳಿಸಲಾಯಿತು. ಸರ್ಕಾರಿ ಲೆಕ್ಕದ ಪ್ರಕಾರ 17 ಅಪಘಾತ, 19 ಪೈಲಟ್ಟುಗಳ ಸಾವು. ಹತ್ತೊಂಬತ್ತು ಮನೆ!

ಅದೇ ಲೈಕಮಿಂಗ್ ಮನೆತನದ ಎಂಜಿನ್ನು ಲೋಕದಲ್ಲೆಲ್ಲ ಸಾವಿರಾರು ವಿಮಾನಗಳಲ್ಲಿ ಸುಖವಾಗಿ ಓಡುತ್ತಿದೆಯಲ್ಲ, ಇಲ್ಲಿ ಮಾತ್ರ ಯಾಕೆ ಹೀಗೆ? ಗ್ಯಾರೇಜಿನ ಹುಡುಗನನ್ನು ಕೇಳಿದರೂ ಹೇಳುತ್ತಾನೆ, ಎಂಜಿನ್ನು ಅಂದರೆ ಬರೀ ಕಬ್ಬಿಣದ ಗಡ್ಡೆಯಲ್ಲ. ಪೆಟ್ರೋಲು ಬರುವ ಕೊಳವೆ, ಅದನ್ನು ತಳ್ಳುವ ಪಂಪು, ಗಾಳಿ ಹೋಗುವ ದಾರಿ, ಶಾಖ ಹೊರಬೀಳುವ ರೀತಿ ಎಲ್ಲವೂ ಕೂಡಿ ಎಂಜಿನ್ನು. ಒಂದು ಊರಿನ ಎಂಜಿನ್ನನ್ನು ಇನ್ನೊಂದು ಊರಿನ ಮೈಗೆ ಕೂರಿಸಿದಾಗ ಎರಡೂ ಕಡೆಯವರು ಕೂತು ಕೊನೇ ಬೋಲ್ಟಿನವರೆಗೆ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ತಪ್ಪು ಯಾರದು ಅಂತ ಕಾಗದ ಓಡಾಡುತ್ತದೆ, ವಿಮಾನ ಬೀಳುತ್ತದೆ.

ದೀಪಕ್ ನಿಂತ ಮೇಲೆ ಹೊಸ ಹುಡುಗರನ್ನು ನೇರವಾಗಿ ಕಿರಣ್ ಜೆಟ್ಟಿಗೆ ಹತ್ತಿಸಬೇಕಾಯಿತು. ಹಾರಾಟದ ಗಂಟೆಗಳಿಗೂ ಕತ್ತರಿ ಬಿತ್ತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿಯಿಂದ 75 ವಿಮಾನ ಕೊಳ್ಳಲು ಸಹಿಯಾಗಿ, 2013ರಲ್ಲಿ ಅವು ಬಂದ ಮೇಲೆಯೇ ಸ್ವಲ್ಪ ಉಸಿರಾಡುವಂತಾಯಿತು.

ಗ್ಯಾರಂಟಿ ಕಾರ್ಡು ಕೈಕೊಟ್ಟಾಗ

ನಮ್ಮಲ್ಲಿ ಮಾತ್ರ ಹೀಗೆ ಅಂತ ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ. ಜರ್ಮನಿಯ ಥೀಲರ್ಟ್ ಎಂಬ ಕಂಪನಿ ಮರ್ಸಿಡಿಸ್ ಕಾರಿನ ಡೀಸೆಲ್ ಎಂಜಿನ್ನನ್ನು ತಿದ್ದಿ ಪುಟ್ಟ ವಿಮಾನಕ್ಕೆ ಕೂರಿಸಿತು. ವಿಮಾನದ ಪೆಟ್ರೋಲು ದುಬಾರಿ. ಇದೋ ಜೆಟ್ ಇಂಧನದಲ್ಲೇ ಓಡುತ್ತದೆ, ಕುಡಿಯುವುದೂ ಕಡಿಮೆ. ಜನ ಮುಗಿಬಿದ್ದು ಕೊಂಡರು. ಗೇರ್‌ಬಾಕ್ಸನ್ನು ಮಾತ್ರ 300 ಗಂಟೆಗೊಮ್ಮೆ ಕಳಚಿ ತಪಾಸಣೆಗೆ ಕಳಿಸಬೇಕಿತ್ತು. ಪರವಾಗಿಲ್ಲ, ಗ್ಯಾರಂಟಿ ಇದೆಯಲ್ಲ ಅಂದುಕೊಂಡರು.

2008ರ ಏಪ್ರಿಲಿನಲ್ಲಿ ಕಂಪನಿ ದಿವಾಳಿ! ಕೋರ್ಟಿನಿಂದ ಬಂದ ಆಡಳಿತಗಾರ ಹಳೇ ಗ್ಯಾರಂಟಿ ನಡೆಯೋದಿಲ್ಲ ಅಂದ. ಬಿಡಿಭಾಗದ ಬೆಲೆ ಏರಿತು. ಫ್ಲೈಯಿಂಗ್ ಸ್ಕೂಲುಗಳ ವಿಮಾನಗಳು ಷೆಡ್ಡಿನಲ್ಲೇ ಕೂತವು. ಇದೇ ಎಂಜಿನ್ನನ್ನು ನಂಬಿ ವಿಮಾನ ಮಾರುತ್ತಿದ್ದ ಆಸ್ಟ್ರಿಯಾದ ಡೈಮಂಡ್ ಕಂಪನಿ, ಬೇರೆ ದಾರಿಯಿಲ್ಲದೆ ತನ್ನದೇ ಎಂಜಿನ್ನಿಗೆ ಹೊರಟಿತು. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಹೋಲ್‌ಸೇಲ್ ವ್ಯಾಪಾರಿಯನ್ನು ನಂಬಿ ಕೂತರೆ ಅವನು ಬಾಗಿಲು ಹಾಕಿದ ದಿನ ನಿಮ್ಮ ಬಾಗಿಲೂ ಅರ್ಧ ಮುಚ್ಚಿದಂತೆಯೇ.

ಅದಕ್ಕೂ ಒಂದು ವರ್ಷ ಮುಂಚೆ, 2007ರ ಮಾರ್ಚಿನಲ್ಲಿ, ಜರ್ಮನಿಯ ಸ್ಪೆಯರ್ ಎಂಬಲ್ಲಿ ಇದೇ ಬಗೆಯ ಎರಡು ಎಂಜಿನ್ನಿನ ವಿಮಾನದ ಬ್ಯಾಟರಿ ಸತ್ತಿತ್ತು. ಹೊರಗಿನ ಕರೆಂಟು ಕೊಟ್ಟು ಷ್ಟಾರ್ಟು ಮಾಡಿ ಹಾರಿದರು. ಮೇಲೆ ಎದ್ದು ಚಕ್ರ ಮಡಚಿದ್ದೇ ತಡ, ಕರೆಂಟು ಕುಸಿದು ಎಂಜಿನ್ನು ನಡೆಸುವ ಕಂಪ್ಯೂಟರುಗಳು ಒಂದು ಕ್ಷಣ ಮಂಕಾದವು. ಎರಡೂ ಎಂಜಿನ್ನು ಒಟ್ಟಿಗೇ ನಿಂತವು. ತಳ್ಳಿ ಷ್ಟಾರ್ಟು ಮಾಡಿದ ಬಸ್ಸು ಸಂತೆ ಮುಟ್ಟಬಹುದು, ವಿಮಾನ ಮುಟ್ಟಲಾರದು.

ಹಳೇ ಹೆಸರುವಾಸಿ ಕಂಪನಿಯೂ ಎಡವುತ್ತದೆ. 2023ರ ಫೆಬ್ರವರಿಯಲ್ಲಿ ಕಾಂಟಿನೆಂಟಲ್ ಎಂಜಿನ್ನುಗಳ ಕ್ರ್ಯಾಂಕ್‌ಷಾಫ್ಟಿನಲ್ಲಿ ತೂಕದ ತುಂಡುಗಳನ್ನು ಹಿಡಿದಿಡುವ ಸಣ್ಣ ಉಂಗುರ ಸರಿಯಾಗಿ ಕೂತಿಲ್ಲವೇನೋ ಎಂಬ ಅನುಮಾನ ಬಂತು. ಕಂಪನಿ ತಪಾಸಣೆಗೆ ಆದೇಶ ಹೊರಡಿಸಿತು. ಆ ಎಂಜಿನ್ನು ಬಳಸುವ ಸಿರಸ್ ವಿಮಾನ ಕಂಪನಿ ತನ್ನ ಸ್ವಂತ ವಿಮಾನಗಳ ಹಾರಾಟವನ್ನೇ ನಿಲ್ಲಿಸಿಕೊಂಡಿತು. ಬೆರಳಿಗೆ ಸಿಗದಷ್ಟು ಸಣ್ಣ ಉಂಗುರ ಮಾಡಿದ ಕೆಲಸ ಇದು.

ಕಾಯುವವರು ಯಾರು?

ಇಲ್ಲಿ ನಷ್ಟ ಯಾರಿಗೆ ಅಂತ ನೋಡಿದರೆ ಮೊದಲು ಕಾಣುವುದು ಕಲಿಯಲು ಬಂದ ಹುಡುಗ ಹುಡುಗಿಯರು. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಲಕ್ಷಗಟ್ಟಲೆ ಖರ್ಚು. ಅಪ್ಪ ಸೈಟು ಮಾರಿ, ಅಮ್ಮ ಒಡವೆ ಅಡವಿಟ್ಟು ಕಳಿಸಿರುತ್ತಾರೆ. ಶಾಲೆಯಲ್ಲಿರುವ ನಾಲ್ಕು ವಿಮಾನದಲ್ಲಿ ಎರಡು ಪಾರ್ಟಿಗೆ ಕಾದು ಕೂತರೆ ಹುಡುಗನ ಸರದಿ ಬರುವುದು ಯಾವಾಗ? ಹಾಸ್ಟೆಲ್ ಬಾಡಿಗೆ ನಿಲ್ಲೋದಿಲ್ಲ, ಬ್ಯಾಂಕಿನ ಬಡ್ಡಿ ನಿಲ್ಲೋದಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಾರ್ಟು ತಡವಾದಾಗ "ಇನ್ನೆರಡು ಹಾರಾಟ ಆಗಲಿ ಬಿಡ್ರೀ" ಎನ್ನುವ ಮಾತು ಎಲ್ಲೋ ಯಾರದೋ ಬಾಯಲ್ಲಿ ಬಂದೀತು. ಜೀವ ಹೋಗುವುದು ಅಂಥ ಮಾತಿನಲ್ಲಿ.

ಸುಧಾರಣೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಈ ಎಂಜಿನ್ನುಗಳು ಕುಡಿಯುವ ವಿಶೇಷ ಪೆಟ್ರೋಲೂ ಬಹುಕಾಲ ಹೊರದೇಶದಿಂದಲೇ ಬರುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಕಂಪನಿ ಗುಜರಾತಿನ ವಡೋದರಾದಲ್ಲಿ ತಯಾರಿಸಿದ ಅವ್‌ಗ್ಯಾಸನ್ನು ಬಿಡುಗಡೆ ಮಾಡಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎಂಜಿನ್ನಿನ ಮಾತು ಬಂದರೆ ಕಥೆ ಮತ್ತೆ ಹಳೇ ಜಾಗಕ್ಕೇ ಬರುತ್ತದೆ. ದೀಪಕ್‌ನ ಜಾಗಕ್ಕೆಂದು ಎಚ್.ಎ.ಎಲ್. ರೂಪಿಸಿದ ಎಚ್.ಟಿ.ಟಿ.-40 ಬೆಂಗಳೂರಿನಲ್ಲಿ 2016ರ ಮೇ 31ರಂದು ಮೊದಲು ಹಾರಿತು. 2022ರಲ್ಲಿ ಅಮೆರಿಕಾದ ಹನಿವೆಲ್ ಕಂಪನಿಯೊಂದಿಗೆ 88 ಎಂಜಿನ್ನು ಮತ್ತು ಕಿಟ್ಟುಗಳಿಗೆ ಒಪ್ಪಂದವಾಯಿತು. 2023ರಲ್ಲಿ ವಾಯುಪಡೆ 70 ವಿಮಾನಕ್ಕೆ ಆರ್ಡರು ಕೊಟ್ಟಿತು. ವಿಮಾನದ ಮೈ ಸಿದ್ಧವಾಯಿತು, ಎಂಜಿನ್ನು ಬರುವುದು ತಡವಾಯಿತು, ಕೊಡುವ ದಿನವೂ ಮುಂದಕ್ಕೆ ಹೋಯಿತು. 1951ರಲ್ಲಿ ಇಂಗ್ಲೆಂಡಿನ ಕಡೆ ನೋಡುತ್ತಿದ್ದವರು ಈಗ ಅಮೆರಿಕಾದ ಕಡೆ ನೋಡುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಹಳ್ಳಿಯ ರೈತನೊಬ್ಬ ಪಂಪ್‌ಸೆಟ್ ಕೊಳ್ಳಲು ಪೇಟೆಗೆ ಬಂದರೆ ಬಣ್ಣ ನೋಡುವುದಿಲ್ಲ, "ಇದರ ಸಾಮಾನು ಇಲ್ಲೇ ಸಿಗ್ತದೇನ್ರೀ?" ಅಂತ ಮೊದಲು ಕೇಳುತ್ತಾನೆ. ವಿಮಾನ ಕೊಳ್ಳುವವರೂ ಕಟ್ಟುವವರೂ ಆ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದರೆ, ಮುಂದೊಂದು ದಿನ ಇನ್ಯಾವುದೋ ಊರಿನ ಹೊಲಕ್ಕೆ ಜನ ಓಡುವುದು ತಪ್ಪೀತು.