ಗುಬ್ಬಿಯ ಆರು ರೂಪಾಯಿ

ಊರಿನ ಆಡಳಿತದಲ್ಲಿ ಒಂದು ಸ್ಥಾನ ಹಿಡಿದವರು ಇನ್ನೊಂದು ಸರ್ಕಾರಿ ಸ್ಥಾನದಲ್ಲೂ ಕೂರಬಹುದೇ? ಭಾರತದ ನ್ಯಾಯಾಲಯಗಳು ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮತ್ತೆ ಮತ್ತೆ ತೆರೆಯುವ ತೀರ್ಪುಗಳಲ್ಲಿ ಒಂದು ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅಲ್ಲಿನ ತಾಲ್ಲೂಕು ಅಭಿವೃದ್ಧಿ ಸಮಿತಿಗೆ ಸರ್ಕಾರಿ ನೌಕರರಲ್ಲದ ಸ್ಥಳೀಯರೊಬ್ಬರು ಅಧ್ಯಕ್ಷರಾಗಿದ್ದರು. ಹಾಜರಾದ ಪ್ರತಿ ಸಭೆಗೆ ಅವರಿಗೆ ಸಲ್ಲುತ್ತಿದ್ದುದು ಆರು ರೂಪಾಯಿ. ಪುರಸಭೆಯ ಚುನಾವಣೆ ಬಂದಾಗ ಈ ಆರು ರೂಪಾಯಿಯೇ ತಕರಾರಿಗೆ ಕಾರಣವಾಯಿತು. 1951ರ ಮೈಸೂರು ಪಟ್ಟಣ ಪುರಸಭೆಗಳ ಕಾಯ್ದೆಯ ಪ್ರಕಾರ, ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಹೊಂದಿದವರು ಪುರಸಭೆಯ ಸದಸ್ಯರಾಗುವಂತಿರಲಿಲ್ಲ. ಸಭಾ ಭತ್ಯೆ ಲಾಭವೋ ಅಲ್ಲವೋ ಎಂಬ ವ್ಯಾಜ್ಯ ಮೈಸೂರು ಹೈಕೋರ್ಟ್ ದಾಟಿ ದೆಹಲಿಯವರೆಗೆ ಹೋಯಿತು.

1954ರಲ್ಲಿ ಸುಪ್ರೀಂ ಕೋರ್ಟ್ ಅಧ್ಯಕ್ಷರ ಪರವಾಗಿ ತೀರ್ಪು ಕೊಟ್ಟಿತು. ಲಾಭ ಎಂದರೆ ಹಣದ ಗಳಿಕೆ. ನಿಜವಾಗಿ ಗಳಿಕೆ ಇದ್ದರೆ ಅದು ಎಷ್ಟು ಎಂಬುದು ಮುಖ್ಯವಲ್ಲ. ಆದರೆ ಗಳಿಕೆ ಇದೆಯೋ ಇಲ್ಲವೋ ಎಂದು ತಿಳಿಯಲು ಮೊತ್ತವನ್ನೂ ನೋಡಬೇಕಾಗಬಹುದು. ಸಭೆಗೆ ಬಂದು ಹೋಗುವವರು ಕೈಯಿಂದ ಹಾಕುವ ಖರ್ಚನ್ನು ಈ ಆರು ರೂಪಾಯಿ ತುಂಬಿಕೊಡುತ್ತಿತ್ತು, ಅಷ್ಟೆ. ಸರ್ಕಾರಿ ನೌಕರರಲ್ಲದವರಿಂದಲೇ ನಡೆಯಬೇಕೆಂದು ರಚಿಸಿದ ಸಮಿತಿಯಲ್ಲಿ ಯಾರಿಗೂ ಸಂಬಳ ಕೊಡುವ ಉದ್ದೇಶ ಸರ್ಕಾರಕ್ಕೆ ಇರಲಿಲ್ಲ ಎಂದು ನ್ಯಾಯಾಲಯ ಕಂಡುಕೊಂಡಿತು.

ತೀರ್ಪು ನ್ಯಾಯವಾಗಿಯೇ ಇದೆ. ಕೈಖರ್ಚಿನ ಕಾಸನ್ನೂ ಲಾಭವೆಂದು ಎಣಿಸಿದ್ದರೆ, ಊರಿನ ಕೆಲಸಕ್ಕೆ ಮುಂದೆ ಬರುವ ಬಡವರಿಗೆ ಪುರಸಭೆಯ ಬಾಗಿಲೇ ಮುಚ್ಚುತ್ತಿತ್ತು. ಆದರೆ ಅಭಿವೃದ್ಧಿ ಸಮಿತಿಯಲ್ಲಿ ಕೂತು ತೀರ್ಮಾನ ಮಾಡುವವರೇ ಪುರಸಭೆಯಲ್ಲೂ ಕೂತರೆ ಯಾರ ಹಿತ ಕಾಯುತ್ತಾರೆ ಎಂಬ ಪ್ರಶ್ನೆ ಅಲ್ಲಿ ಎದುರಾಗಲೇ ಇಲ್ಲ. ಕಾನೂನು ಕೇಳಿದ್ದು ಲಾಭದ ಲೆಕ್ಕವನ್ನು. ನ್ಯಾಯಾಲಯ ಹೇಳಿದ್ದೂ ಅದನ್ನೇ.

ಕಾನೂನು ಹಣವನ್ನೇ ನೋಡುವುದಕ್ಕೆ ಇಂಗ್ಲೆಂಡಿನ ಇತಿಹಾಸ ಕಾರಣ. ಅಲ್ಲಿ ದೊರೆ ಸಂಬಳದ ಹುದ್ದೆಗಳನ್ನು ಹಂಚಿ ಸಂಸತ್ ಸದಸ್ಯರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ದೊರೆಯಿಂದ ಲಾಭದ ಹುದ್ದೆ ಪಡೆದವರಿಗೆ ಕಾಮನ್ಸ್ ಸಭೆಯಲ್ಲಿ ಜಾಗವಿಲ್ಲ ಎಂದು 1701ರ ಕಾಯ್ದೆ ಹೇಳಿತು. ಕೆಲವೇ ವರ್ಷಗಳಲ್ಲಿ ಮಂತ್ರಿಗಳಿಗಾಗಿ ಅದನ್ನು ಸಡಿಲಿಸಬೇಕಾಯಿತು. ಅದೇ ನಿಯಮ 1935ರ ಭಾರತ ಸರ್ಕಾರ ಕಾಯ್ದೆಯ ಮೂಲಕ ಇಲ್ಲಿಗೆ ಬಂದು, ಸಂವಿಧಾನದ 102 ಮತ್ತು 191ನೇ ವಿಧಿಗಳಲ್ಲಿ ನೆಲೆಯೂರಿತು.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಧಿಕಾರದ ನಡೆ ಬೇರೆಯೇ ಆಗಿತ್ತು. ಕಂದಾಯ ವಸೂಲಿಯೂ ಊರಿನ ಕಾವಲೂ ಪಟೇಲರ ಕೈಯಲ್ಲಿ, ಲೆಕ್ಕಪತ್ರವೆಲ್ಲ ಶಾನುಭೋಗರ ಕೈಯಲ್ಲಿ. ಎರಡೂ ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಹುದ್ದೆಗಳು. ಚಾಕರಿಗೆ ಪ್ರತಿಯಾಗಿ ಇನಾಮು ಜಮೀನು. ಕಂದಾಯ ಕೇಳುವವರೂ ಪುಂಡಾಟಿಕೆ ವಿಚಾರಿಸುವವರೂ ಒಬ್ಬರೇ ಆಗಿರುವುದನ್ನು ತಪ್ಪೆಂದು ಆ ವ್ಯವಸ್ಥೆ ಎಣಿಸಿರಲಿಲ್ಲ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಬಂದು, 1963ರಲ್ಲಿ ಜಾರಿಯಾದ ಮೇಲೆ ಆ ವಂಶಪಾರಂಪರ್ಯ ಮುಗಿಯಿತು.

ಲಾಭದಾಯಕ ಹುದ್ದೆಯ ನ್ಯಾಯಶಾಸ್ತ್ರಕ್ಕೆ ಕನ್ನಡನಾಡು ಇನ್ನೂ ಎರಡು ಮುಖ್ಯ ಪ್ರಕರಣಗಳನ್ನು ಕೊಟ್ಟಿದೆ. ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಮೊದಲು ಸರ್ಕಾರದ ಇಲಾಖೆಯೇ ಆಗಿದ್ದು, ಆಮೇಲೆ ಕಂಪನಿಯಾಯಿತು. ಅಲ್ಲಿ ನೌಕರಿಯಲ್ಲಿದ್ದ ಅಬ್ದುಲ್ ಖುದ್ದೂಸ್ ಅನ್ವರ್ 1967ರಲ್ಲಿ ವಿಧಾನಸಭೆಗೆ ಆರಿಸಿಬಂದಾಗ ಆಯ್ಕೆಯನ್ನು ಪ್ರಶ್ನಿಸಲಾಯಿತು. ಕಂಪನಿ ಸರ್ಕಾರದ ಒಡೆತನದ್ದೇ ಆದರೂ ಅದರ ನೌಕರ ಸರ್ಕಾರದ ನೌಕರನಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಿವಮೂರ್ತಿ ಸ್ವಾಮಿ ಇನಾಮದಾರ ಮತ್ತು ಅಗಡಿ ಸಂಗಣ್ಣ ನಡುವಣ ಮೊಕದ್ದಮೆಯಲ್ಲಿ ಐದು ಪ್ರಶ್ನೆಗಳ ಒರೆಗಲ್ಲು ಸಿದ್ಧವಾಯಿತು: ನೇಮಿಸುವವರು ಸರ್ಕಾರವೇ? ತೆಗೆಯುವ ಅಧಿಕಾರ ಅದಕ್ಕಿದೆಯೇ? ಸಂಬಳ ಕೊಡುವುದು ಅದೇ ಏನು? ಕೆಲಸ ನಡೆಯುವುದು ಸರ್ಕಾರಕ್ಕಾಗಿಯೇ? ಕೆಲಸದ ಮೇಲೆ ಅದರ ಹಿಡಿತವಿದೆಯೇ? ದೇಶದ ಉದ್ದಗಲಕ್ಕೂ ವಕೀಲರು ಇಂದಿಗೂ ಇವನ್ನೇ ಮುಂದಿಡುತ್ತಾರೆ. ಎರಡು ಕುರ್ಚಿಗಳ ಕರ್ತವ್ಯಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆಯೇ ಎಂಬ ಆರನೆಯ ಪ್ರಶ್ನೆ ಈ ಸಾಲಿನಲ್ಲಿಲ್ಲ, ಇರಬೇಕಿತ್ತು.

ಆ ಕೊರತೆಯ ಫಲ ಕಂಡದ್ದು ಶಾಸನಸಭೆಗಳಲ್ಲಿ. ಅನರ್ಹತೆಯಿಂದ ವಿನಾಯಿತಿ ಪಡೆದ ಹುದ್ದೆಗಳ ಪಟ್ಟಿ ಮಾಡುವ ಅಧಿಕಾರವನ್ನು ಸಂವಿಧಾನ ಶಾಸಕಾಂಗಕ್ಕೇ ಬಿಟ್ಟಿದೆ. ಕೇಂದ್ರದಲ್ಲಿ 1959ರ ಕಾಯ್ದೆ, ಇಲ್ಲಿ 1956ರ ಕರ್ನಾಟಕ ವಿಧಾನಮಂಡಲದ ಅನರ್ಹತಾ ನಿವಾರಣಾ ಕಾಯ್ದೆ, ಎರಡೂ ತಿದ್ದುಪಡಿಯಿಂದ ತಿದ್ದುಪಡಿಗೆ ಬೆಳೆದವು. 2006ರಲ್ಲಿ ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷ ಸ್ಥಾನದಿಂದಾಗಿ ಜಯಾ ಬಚ್ಚನ್ ರಾಜ್ಯಸಭಾ ಸ್ಥಾನ ಕಳೆದುಕೊಂಡರು. ಹಣ ಪಡೆದರೋ ಇಲ್ಲವೋ ಮುಖ್ಯವಲ್ಲ, ಪಡೆಯಲು ಅವಕಾಶವಿದ್ದರೆ ಸಾಕು ಎಂದಿತು ಸುಪ್ರೀಂ ಕೋರ್ಟ್. ಗಾಬರಿಯಾದ ಸಂಸತ್ತು ಹತ್ತಾರು ಹುದ್ದೆಗಳಿಗೆ ಒಟ್ಟಿಗೆ ವಿನಾಯಿತಿ ಕೊಡುವ ಮಸೂದೆ ಅಂಗೀಕರಿಸಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಮರುಪರಿಶೀಲನೆಗೆ ಕಳಿಸಿದರೂ ಅದು ಹಾಗೆಯೇ ಹಿಂದಿರುಗಿತು. ಆರು ರೂಪಾಯಿಗಾಗಿ ದೆಹಲಿಯವರೆಗೆ ಹೋದ ಗುಬ್ಬಿಯವರ ಕಟ್ಟುನಿಟ್ಟಿನ ಒಂದಂಶವಾದರೂ ಆ ವರ್ಷ ಸಂಸತ್ತಿನಲ್ಲಿ ಕಾಣಲಿಲ್ಲ. ಅದು ನಿಜಕ್ಕೂ ದುಃಖದ ಸಂಗತಿ.

ಪಂಚಾಯಿತಿಗಳಲ್ಲಿ ಇಮ್ಮಡಿ ಸ್ಥಾನವನ್ನು ಕಾನೂನೇ ಕಟ್ಟಿಕೊಟ್ಟಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಂದಿಗೆ ಬೆಸೆದ 1983ರ ಕಾಯ್ದೆ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ನಿಜವಾದ ಬಲ ತಂದಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಡುವಿನ ತಾಲ್ಲೂಕು ಪಂಚಾಯಿತಿ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಪದನಿಮಿತ್ತ ಅಧ್ಯಕ್ಷರು. ಬೆಂಗಳೂರಿನಲ್ಲಿ ಅನುದಾನಕ್ಕೆ ಒಪ್ಪಿಗೆ ಕೊಡುವ ಸದನದ ಸದಸ್ಯರೇ ತಾಲ್ಲೂಕಿನಲ್ಲಿ ಸಮಿತಿಯನ್ನೂ ನಡೆಸಿದರು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ ಬಂದ 1993ರ ಕಾಯ್ದೆ ತಾಲ್ಲೂಕಿಗೂ ನೇರ ಚುನಾವಣೆ ತಂದು ಆ ಅಧ್ಯಕ್ಷಗಿರಿಯನ್ನು ಕೊನೆಗೊಳಿಸಿತು. ಶಾಸಕರ ಸದಸ್ಯತ್ವ ಮಾತ್ರ ಉಳಿಯಿತು. ಪುರಸಭೆಗಳಲ್ಲೂ ಶಾಸಕರೂ ಸಂಸದರೂ ಸದಸ್ಯರು.

ಕೆಳಗಿನ ತುದಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಅವರದು ನಾಗರಿಕ ಹುದ್ದೆಯಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರ ಕೈಗೆ ಬರುವುದಕ್ಕೆ ಸರ್ಕಾರಿ ಕಡತದಲ್ಲಿ ಗೌರವಧನ ಎಂದೇ ಹೆಸರು. ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕಲಿಸುವವರ ದುಡಿಮೆಯನ್ನು ಹುದ್ದೆಯೆಂದು ಒಪ್ಪದ ವ್ಯವಸ್ಥೆ, ಮೇಲಿನವರ ಹುದ್ದೆಗಳಿಗೆ ವಿನಾಯಿತಿಯ ಪಟ್ಟಿ ಹಿಗ್ಗಿಸುತ್ತಾ ಹೋಗಿದೆ.

ಈಗ ಹಿತಾಸಕ್ತಿಗಳು ತೀರಾ ಹತ್ತಿರದಿಂದ ಡಿಕ್ಕಿಯಾಗುವ ಜಾಗವೆಂದರೆ ಬಗರ್ ಹುಕುಂ ಸಮಿತಿ. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದ ರೈತರ ಅರ್ಜಿಗಳನ್ನು ನೋಡಿ ಸಾಗುವಳಿಯನ್ನು ಸಕ್ರಮಗೊಳಿಸುವ ಈ ಸಮಿತಿಗೆ ಕ್ಷೇತ್ರದ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅರ್ಜಿ ಹಾಕಿದವರು ಅದೇ ಶಾಸಕರ ಮತದಾರರು. ಚುನಾವಣೆಯಲ್ಲಿ ಜೊತೆಗಿದ್ದವರೂ ಇರಬಹುದು, ಎದುರಿಗಿದ್ದವರೂ ಇರಬಹುದು. ಸಂಬಳದ ಅಳತೆಯಿಂದ ಇಂಥ ಅಧ್ಯಕ್ಷಗಿರಿಯಲ್ಲಿ ದೋಷ ಕಂಡುಹಿಡಿಯಲಾಗದು, ಏಕೆಂದರೆ ಇಲ್ಲಿ ಕೈಬದಲಾಗುವುದು ಸಂಬಳವಲ್ಲ, ಜಮೀನಿನ ಹಕ್ಕು.