ಉಳಿ ಎಲ್ಲಿ ನಿಲ್ಲಬೇಕು?

ಚನ್ನಪಟ್ಟಣದ ಗೊಂಬೆಗಾರನ ಮುಂದೆ ಆಲೆ ಮರದ ತುಂಡೊಂದು ಲೇತಿನ ಮೇಲೆ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಗುಲಿದೊಡನೆ ಬೇಡವಾದ ಮರ ಹೊಟ್ಟಾಗಿ ಹಾರಿ, ಒಳಗಿನಿಂದ ಬುಗುರಿಯೋ ಬೊಂಬೆಯೋ ಮೂಡಿಬರುತ್ತದೆ. ಆದರೆ ಕೈ ಒಂದಿಷ್ಟು ಮುಂದೆ ಸರಿಯಿತೆನ್ನಿ, ಬೊಂಬೆಯ ಕತ್ತು ಎರಡು ಹೋಳು! ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯುವುದೇ ಆ ಕಸುಬಿನ ಮರ್ಮ.

ಮನೆಯ ಕಂಪ್ಯೂಟರನ್ನು ಹಗುರಗೊಳಿಸುವ ಕೆಲಸಕ್ಕೂ ಇದೇ ಮಾತು ಸಲ್ಲುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಬೇಡುತ್ತದೆ. ಅದಿಲ್ಲದ ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಒಲ್ಲದು. ಹಾಗೆಂದು ರಾಮನಗರದಲ್ಲಾಗಲಿ ಕನಕಪುರ, ಮಾಗಡಿಗಳಲ್ಲಾಗಲಿ, ಮಕ್ಕಳ ಪಾಠಕ್ಕೂ ಅಂಗಡಿಯ ಲೆಕ್ಕಕ್ಕೂ ಒದಗುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆಂದೇನೂ ಇಲ್ಲ. ಇಂಥವಕ್ಕೆ ಲಿನಕ್ಸ್ ಬಳಗದ ಡೆಬಿಯನ್ ಆಸರೆಯಾಗಬಲ್ಲದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ವ್ಯವಸ್ಥೆಯನ್ನು ಸ್ವಯಂಸೇವಕರು ಬೆಳೆಸಿದ್ದಾರೆ, ಬೆಲೆ ಇಲ್ಲ. ಆದರೆ 2025ರ ಹದಿಮೂರನೆಯ ಆವೃತ್ತಿಯನ್ನು 32 ಬಿಟ್‌ನ ಹಳೆಯ ಪಿಸಿಗಳಲ್ಲಿ ಹೊಸದಾಗಿ ಸ್ಥಾಪಿಸಲು ಬಾರದು.

ಹಗುರಗೊಳಿಸಲು ಎರಡು ದಾರಿಗಳುಂಟು. ಎಲ್ಲವನ್ನೂ ತುಂಬಿಕೊಂಡು ಆಮೇಲೆ ಕೆತ್ತುವುದು ಒಂದು. ಬುನಾದಿಯನ್ನಷ್ಟೇ ಹಾಕಿ ಬೇಕಾದುದನ್ನು ಸೇರಿಸುತ್ತ ಹೋಗುವುದು ಇನ್ನೊಂದು. ಎರಡನೆಯದೇ ಕ್ಷೇಮ. ಸ್ಥಾಪನೆಯ ವೇಳೆ ಎದುರಾಗುವ ಪಟ್ಟಿಯಲ್ಲಿ ಡೆಸ್ಕ್‌ಟಾಪಿನ ಗುರುತುಗಳನ್ನು ತೆಗೆದು ಮೂಲ ಸಾಧನಗಳನ್ನು ಮಾತ್ರ ಉಳಿಸಿದರೆ ಬುನಾದಿ ಸಿದ್ಧ. ಅದರ ಮೇಲೆ ಎಲ್‌ಎಕ್ಸ್‌ಕ್ಯೂಟಿಯಂಥ ಹಗುರವಾದ ಡೆಸ್ಕ್‌ಟಾಪನ್ನೂ ಒಂದು ಬ್ರೌಸರನ್ನೂ ಸೇರಿಸಿದರೆ ಸಂಸಾರಕ್ಕೆ ಸಾಕು.

ಈಗಾಗಲೇ ತುಂಬಿರುವುದನ್ನೇ ಕಳಚಬೇಕಾದಾಗ ಎಚ್ಚರ ಬೇಕು. ಡೆಬಿಯನ್ನಿನಲ್ಲಿ ‘ಆಪ್ಟ್’ ಎಂಬುದು ಉಗ್ರಾಣಿಯಿದ್ದಂತೆ. ಒಂದನ್ನು ತೆಗೆಯೆಂದರೆ ಅದನ್ನು ನೆಚ್ಚಿಕೊಂಡ ಉಳಿದವನ್ನೂ ಪಟ್ಟಿಮಾಡಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಆ ಪಟ್ಟಿಯನ್ನು ಓದದೆ ಒಪ್ಪುವುದೇ ಅನರ್ಥಕ್ಕೆ ಮೂಲ. 2021ರಲ್ಲಿ ಕೆನಡಾದ ಪ್ರಸಿದ್ಧ ವೀಡಿಯೊಕಾರ ಲೈನಸ್ ಸೆಬಾಸ್ಟಿಯನ್, ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶವನ್ನು ಸೇರಿಸಹೊರಟಾಗ ಇದೇ ಆಪ್ಟ್ ಎಚ್ಚರಿಸಿತು. ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಆತ ಟೈಪಿಸಿದ್ದೇ ತಡ, ಡೆಸ್ಕ್‌ಟಾಪೇ ಮಾಯ! ಮೂಲ ದೋಷ ಆ ತಂತ್ರಾಂಶದ ಜೋಡಣೆಯದಾದರೂ, ಬಳಿಕ ಆಪ್ಟ್‌ನ ಕಟ್ಟುಪಾಡನ್ನೇ ಬಿಗಿಗೊಳಿಸಲಾಯಿತು.

ಆದುದರಿಂದ ಒಮ್ಮೆಗೆ ಒಂದನ್ನೇ ತೆಗೆಯಬೇಕು. ಮೊದಲು ನಟನೆಯಾಗಿ ಮಾಡಿಸಿ ನೋಡುವ ಸೌಲಭ್ಯವೂ ಆಪ್ಟ್‌ನಲ್ಲಿದೆ. ತೆಗೆದ ಮೇಲೆ ಯಂತ್ರವನ್ನು ನಿಲ್ಲಿಸಿ ಮತ್ತೆ ಹಚ್ಚಿ, ಎಲ್ಲವೂ ನೆಟ್ಟಗಿದ್ದರೆ ಮುಂದಿನದಕ್ಕೆ ಕೈಹಾಕಬೇಕು. ಚಾಲನೆಯಲ್ಲಿರುವ ಕರ್ನೆಲ್ ಎಂಬ ತಿರುಳಿನ ಜೊತೆಗೆ ಅದರ ಹಿಂದಿನದೊಂದನ್ನೂ ಉಳಿಸಿಕೊಳ್ಳುವುದು ಜಾಣತನ. ನೆಟ್‌ವರ್ಕಿನ ಸಾಧನವನ್ನಂತೂ ಮುಟ್ಟಬಾರದು. ಅದು ಹೋದರೆ ಹೋದದ್ದನ್ನು ಮರಳಿ ತರಿಸುವ ದಾರಿಯೇ ಮುಚ್ಚೀತು.

ಕನ್ನಡಿಗರ ಮನೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಪಟ್ಟಿಯಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಹೆಸರುಗಳು ಕಂಡರೆ ಹಕ್ಕಿಗಳಿಗೆ ಇಲ್ಲೇನು ಕೆಲಸವೆಂದು ಓಡಿಸಬಾರದು. ಅವು ಕನ್ನಡದ ಫಾಂಟುಗಳು! ಕನ್ನಡ ಫಾಂಟುಗಳೆಲ್ಲ ಹೋದರೆ ಮಗುವಿನ ಪಾಠದಲ್ಲಿ ಅಕ್ಷರಗಳ ಬದಲು ಬರಿಯ ಚೌಕಗಳು ಕುಳಿತಿರುತ್ತವೆ.

ಈ ಎಲ್ಲಕ್ಕೂ ಮೊದಲು ಮಾಡಬೇಕಾದುದು ಒಂದೇ: ಮದುವೆಯ ಚಿತ್ರಗಳು, ಲೆಕ್ಕಪತ್ರಗಳು, ಮಕ್ಕಳ ಬರಹಗಳು, ಇವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ, ಯಂತ್ರದಿಂದ ಕಳಚಿ ಎತ್ತಿಡುವುದು. ತೆಗೆದ ತಂತ್ರಾಂಶವನ್ನು ನಾಳೆ ಮತ್ತೆ ಹಾಕಿಕೊಳ್ಳಬಹುದು. ಆದರೆ ನಕಲಿಲ್ಲದೆ ಕಳೆದ ಅಜ್ಜಿಯ ಚಿತ್ರ, ಲೇತಿನಿಂದ ಹಾರಿದ ಹೊಟ್ಟಿನಂತೆ. ಮತ್ತೆ ಮರಕ್ಕೆ ಅಂಟದು.