ಗೈಡ್ ಮುಚ್ಚಿಟ್ಟ ಮೇಲಿನ ಲೆಕ್ಕ

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಂತೆ ಹೊಸಪೇಟೆ, ಸಂಡೂರು, ಕಂಪ್ಲಿಯ ಮಕ್ಕಳ ಮೇಜಿನ ಮೇಲೆ ಗಣಿತ, ಸಂಖ್ಯಾಶಾಸ್ತ್ರದ ಗೈಡು, ಜೆರಾಕ್ಸ್ ನೋಟ್ಸು ರಾಶಿಯಾಗುತ್ತವೆ. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪುಕ್ಕಟೆ ಕೊಡುವ ಮಾದರಿ ಪ್ರಶ್ನೆಪತ್ರಿಕೆ. ಉತ್ತರ ನೋಡದೆ ಬಿಡಿಸಿದರೆ ಮಾತ್ರ.

ಕಾರಣವಿದೆ. ಅಧ್ಯಾಯದ ಕೊನೆಯ ಅಭ್ಯಾಸದಲ್ಲಿ ಯಾವ ಸೂತ್ರ ಬೇಕೆಂದು ಶೀರ್ಷಿಕೆಯೇ ಹೇಳಿಬಿಡುತ್ತದೆ. ಅಕ್ಕಿ ಕಿಲೋಗೆ 40 ರೂಪಾಯಿ ಇದ್ದದ್ದು 52 ಆದರೆ ಬೆಲೆ ಸೂಚ್ಯಂಕ 130. ಇಷ್ಟು ಯಾರಾದರೂ ಮಾಡುತ್ತಾರೆ. ಬೇಳೆ, ಎಣ್ಣೆಯೂ ಸೇರಿದಾಗ ಆಧಾರ ವರ್ಷದ ಪ್ರಮಾಣ ಹಿಡಿಯುವ ಲಾಸ್ಪೇರ್ ಸೂತ್ರವೋ, ಈ ವರ್ಷದ ಪ್ರಮಾಣ ಹಿಡಿಯುವ ಪಾಶೆ ಸೂತ್ರವೋ ಎನ್ನುವಲ್ಲಿ ಪೆನ್ನು ನಿಲ್ಲುತ್ತದೆ. ಸಂಶೋಧಕರಾದ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಕ್ಕಗಳನ್ನು ಬೆರೆಸಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹೆಚ್ಚು ತಪ್ಪಿದರು. ವಾರದ ನಂತರದ ಪರೀಕ್ಷೆಯಲ್ಲಿ ಅವರದು ಶೇ. 63, ಒಂದೊಂದೇ ಬಗೆ ಮಾಡಿದವರದು ಶೇ. 20. ಪ್ರಶ್ನೆಪತ್ರಿಕೆ ತಾನಾಗಿಯೇ ಬೆರಕೆಯದು.

ಬುನಾದಿಯೇ ಇಲ್ಲದವರಿಗೆ ಪತ್ರಿಕೆ ಕೊಟ್ಟರೆ ಕಂಗಾಲಾಗುತ್ತಾರೆ ಎಂಬ ಆಕ್ಷೇಪ ಸರಿಯೇ. ಅಂಥವರು ಮೊದಲು ಪಠ್ಯದ ಬಿಡಿಸಿದ ಉದಾಹರಣೆ ಹಿಡಿಯಲಿ. ಅಲ್ಲಿಯೇ ಉಳಿಯುವುದು ಬೇಡ. ಹಂಪಿ ಸುತ್ತಿನ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವವರಿಗೆ ಪೂರ್ತಿ ಪತ್ರಿಕೆಗೆ ಪುರಸೊತ್ತೆಲ್ಲಿ ಎನ್ನಬಹುದು. ಪೂರ್ತಿ ಬೇಕಿಲ್ಲ: ಸಂಜೆಗೆ ಬೇರೆಬೇರೆ ಅಧ್ಯಾಯದ ನಾಲ್ಕು ಪ್ರಶ್ನೆ, ಮುಚ್ಚಿದ ಗೈಡು, ಆಮೇಲೆ ಎಡವಿದ ಹೆಜ್ಜೆಯ ಪಕ್ಕ ಕೆಂಪು ಗೀಟು. ಮುಂದಿನ ವಾರ ಆ ಗೀಟಿನ ಲೆಕ್ಕಗಳಷ್ಟೇ ಮತ್ತೆ.